ಹೆಸರಿಲ್ಲದ ಟಿಕೆಟ್ಟು, ಹೊಳೆಗಳ ಹಾದಿ

ಜನರಲ್ ಟಿಕೆಟ್ಟಿನಲ್ಲಿ ನಿಮ್ಮ ಹೆಸರಿರುವುದಿಲ್ಲ, ಬೋಗಿಯ ನಂಬರಿರುವುದಿಲ್ಲ, ಸೀಟಿನ ನಂಬರಂತೂ ಇಲ್ಲವೇ ಇಲ್ಲ. ರೈಲ್ವೆ ಕೊಡುವ ಮಾತು ಒಂದೇ: ಈ ಊರಿಂದ ಆ ಊರಿಗೆ ಒಯ್ಯುತ್ತೇನೆ. ಕುಳಿತು ಹೋಗುತ್ತೀರೋ ನಿಂತು ಹೋಗುತ್ತೀರೋ, ಅದು ನೀವು ಮತ್ತು ಬೋಗಿಯವರು ಸೇರಿ ತೀರ್ಮಾನಿಸಬೇಕಾದ ವಿಷಯ. ಈ ಅನಿಶ್ಚಯವನ್ನು ಕಷ್ಟವೆಂದು ಎಣಿಸುವವರು ಬಹಳ ಮಂದಿ. ಹಗಲಿನ ಸಣ್ಣ ಪ್ರಯಾಣದ ಮಟ್ಟಿಗೆ ಅದೊಂದು ಹದ; ಕಲಿತವರಿಗೆ ರುಚಿ ಹತ್ತುತ್ತದೆ.

ಹದ ಕಲಿಯಲು ನಮ್ಮ ರಾಜ್ಯದಲ್ಲಿ ಮಂಗಳೂರು ಸೆಂಟ್ರಲ್–ಮಡಗಾಂವ್ ನಡುವಿನ ಹಗಲು ಗಾಡಿಯಂಥದ್ದು ಬೇರೆ ಇಲ್ಲ ಎನ್ನುವುದು ನನ್ನ ಪಕ್ಷಪಾತ. ಸಣ್ಣ ಸಣ್ಣ ನಿಲ್ದಾಣಗಳಿಗೂ ಮರ್ಯಾದೆ ಕೊಟ್ಟು ನಿಲ್ಲುವ ಗಾಡಿ. ಮುನ್ನೂರು ಚಿಲ್ಲರೆ ಕಿಲೋಮೀಟರಿಗೆ ಆರೇಳು ಗಂಟೆ ತೆಗೆದುಕೊಳ್ಳುತ್ತದೆ. ಕಾರವಾರದವರೆಗೆ ಹೋದರೂ ಬಸ್ಸಿನ ಟಿಕೆಟ್ಟಿನ ಅರ್ಧ ಹಣ ಸಾಕು, ಚಿಲ್ಲರೆ ಉಳಿಯುತ್ತದೆ.

ಮೊದಲು ಟಿಕೆಟ್ಟಿನ ವಿಚಾರ. 199 ಕಿ.ಮೀ. ಒಳಗಿನ ಊರಿಗಾದರೆ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಅಥವಾ ಆ ದಿಕ್ಕಿನ ಮೊದಲ ಗಾಡಿಗೆ ಹೊರಡಬೇಕು. 200 ದಾಟಿದರೆ ಮೂರು ದಿನ ಮೊದಲೇ ತೆಗೆದಿಡಬಹುದು. ಸಾಮಾನ್ಯ ಗಾಡಿಯ ಕನಿಷ್ಠ ದರ 10 ರೂಪಾಯಿ, ಹೆಸರಿನಲ್ಲಿ ಎಕ್ಸ್‌ಪ್ರೆಸ್ ಎಂದಿದ್ದರೆ 30. ಅಗ್ಗದ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೆ ಟಿ.ಟಿ.ಇ. ಸುಮ್ಮನೆ ಬಿಡುವುದಿಲ್ಲ. ಇನ್ನೊಂದು ಮಾತು: ಇಷ್ಟು ಕಡಿಮೆ ದೂರದ ಟಿಕೆಟ್ಟಿನಲ್ಲಿ ನಡುವೆ ಇಳಿದು ಊರು ನೋಡಿ, ಮತ್ತೆ ಅದರಲ್ಲೇ ಹತ್ತುವಂತಿಲ್ಲ. ಉಡುಪಿಯಲ್ಲಿ ಇಳಿದು ಮಸಾಲೆದೋಸೆ ತಿನ್ನುವ ಆಸೆಯಿದ್ದರೆ ಪ್ರಯಾಣವನ್ನು ತುಂಡು ಮಾಡಿ ಎರಡು ಟಿಕೆಟ್ ತೆಗೆಯಿರಿ.

ದಿನದ ಆಯ್ಕೆ ಸೀಟಿನ ಆಯ್ಕೆಗಿಂತ ದೊಡ್ಡದು. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಹಬ್ಬದ ಮರುದಿನ ಬೇಡ. ಮಂಗಳವಾರ, ಬುಧವಾರ ಉತ್ತಮ. ಗಾಡಿ ಹೊರಡುವ ನಿಲ್ದಾಣದಲ್ಲೇ ಹತ್ತುವುದು ಎರಡನೆಯ ಸೂತ್ರ. ಮೂರನೆಯದು ಕಾಲಿಗೆ ಸಂಬಂಧಿಸಿದ್ದು: ಪ್ಲಾಟ್‌ಫಾರ್ಮಿನ ಮೆಟ್ಟಿಲು ಇಳಿದವರೆಲ್ಲ ಎದುರಿಗೆ ಕಂಡ ಬೋಗಿಗೇ ನುಗ್ಗುತ್ತಾರೆ; ಇನ್ನೂ ನೂರು ಹೆಜ್ಜೆ ನಡೆದರೆ ಅದೇ ಗಾಡಿಯಲ್ಲಿ ಖಾಲಿ ಬೆಂಚು ಕಾದಿರುತ್ತದೆ. ಆದರೆ ದೂರದ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಜನರಲ್ ಬೋಗಿಗಳಿರುವುದೇ ಎರಡು ತುದಿಗಳಲ್ಲಿ, ಜನರೂ ಅಲ್ಲೇ.

ಇನ್ನು ಯಾವ ಮಗ್ಗುಲು? ಬೆಳಗ್ಗೆ ಉತ್ತರಕ್ಕೆ ಹೊರಟರೆ ಬಿಸಿಲು ಬಲಗಡೆ. ಎಡಗಡೆ ಕೂತವರಿಗೆ ನೆರಳೂ ಉಂಟು, ಹೊಳೆಗಳು ಅಗಲವಾಗಿ ಕಡಲಿನತ್ತ ಹೋಗುವ ನೋಟವೂ ಉಂಟು. ಮಧ್ಯಾಹ್ನದ ಮೇಲೆ ದಕ್ಷಿಣಕ್ಕೆ ಮರಳುವಾಗ ನೋಟವೂ ಬಿಸಿಲೂ ಒಂದೇ ಕಡೆ, ಬಲಕ್ಕೆ. ಬಿಸಿಲು ಬೇಡವೆಂದರೆ ಎಡಕ್ಕೆ ಕೂತು ಘಟ್ಟದ ಸಾಲು ನೋಡಿ. ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿದ ಕಿಟಕಿಗೆ ಎಲ್ಲರೂ ಮುಗಿಬೀಳುತ್ತಾರೆ. ಮಳೆಗಾಲದಲ್ಲಿ ಎದುರಿನ ಸೀಟೇ ಜಾಣತನ. ಇರಚಲು ಹೊಡೆಯುವುದು ಮುಂದಕ್ಕೆ ಮುಖ ಮಾಡಿದವರಿಗೆ. ಬೆನ್ನು ಹಾಕಿ ಕೂತವರು ಶಟರ್ ಅರ್ಧ ತೆರೆದುಕೊಂಡೇ ಹೋಗಬಹುದು.

ಕರಾವಳಿಯ ಗಾಡಿಯೆಂದು ಕಡಲಿಗೆ ಕಾಯುತ್ತ ಕೂರಬೇಡಿ. ಹಳಿ ಬಹಳಷ್ಟು ಕಡೆ ಕಡಲಿಗೆ ದೂರ, ಗುಡ್ಡಕ್ಕೆ ಹತ್ತಿರ. ಇಲ್ಲಿ ಎಣಿಸಬೇಕಾದದ್ದು ಹೊಳೆಗಳನ್ನು. ಮೂಲ್ಕಿಯ ಶಾಂಭವಿ, ಉದ್ಯಾವರದ ಹೊಳೆ, ಉಡುಪಿ ದಾಟಿದ ಮೇಲೆ ಸ್ವರ್ಣಾ, ಸೀತಾ, ಕುಂದಾಪುರದ ಆಸುಪಾಸಿನಲ್ಲಿ ವಾರಾಹಿ, ಚಕ್ರಾ, ಸೌಪರ್ಣಿಕಾ. ಹೊನ್ನಾವರಕ್ಕೆ ಮುನ್ನ ಶರಾವತಿ. ಆ ಸೇತುವೆ 2,065 ಮೀಟರ್, ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು. ಮಾತಾಡುತ್ತಿದ್ದವರೂ ಅಲ್ಲಿ ಕಿಟಕಿಯತ್ತ ಕತ್ತು ಹೊರಳಿಸುತ್ತಾರೆ. ಆಮೇಲೆ ಕುಮಟಾ ಬಿಟ್ಟರೆ ಅಘನಾಶಿನಿ, ಅಂಕೋಲೆಗೆ ಮೊದಲು ಗಂಗಾವಳಿ. ಹಾರವಾಡ ಕಳೆದು ಸುಮಾರು ಮೂರು ಕಿಲೋಮೀಟರಿನ ಸುರಂಗದ ಕತ್ತಲು ದಾಟಿದರೆ ಕಾರವಾರ. ಹೆಚ್ಚಿನವರು ಇಲ್ಲೇ ಇಳಿದುಬಿಡುತ್ತಾರೆ. ಹೊಳೆ ಎಣಿಸುವವರು ಟಿಕೆಟ್ಟನ್ನು ಮುಂದಿನ ಅಸ್ನೋಟಿಗೆ ತೆಗೆಯಬೇಕು. ಕಾಳಿ ನದಿ ಇರುವುದು ಕಾರವಾರದ ನಿಲ್ದಾಣ ದಾಟಿದ ಮೇಲೆ. ಮಂಗಳೂರು–ಉಡುಪಿ ತುಂಡು ಶುರುವಾದದ್ದು 1993ರಲ್ಲಿ, ಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿ 26ರಂದು. ಅದಕ್ಕೆ ಮೊದಲು ಇಷ್ಟು ಹೊಳೆಗಳನ್ನು ರೈಲಿನ ಒಂದೇ ಬೆಂಚಿನಲ್ಲಿ ಕೂತು ದಾಟುವ ಉಪಾಯವೇ ಇರಲಿಲ್ಲ.

ಹೊಳೆಗಳ ಜೊತೆ ಬೋಗಿಯ ಮಾತೂ ಬದಲಾಗುತ್ತದೆ. ಬಾರ್ಕೂರಿನವರೆಗೆ ತುಳುವಿನ ಗದ್ದಲ, ಕುಂದಾಪುರದಲ್ಲಿ ಕುಂದಗನ್ನಡ, ಭಟ್ಕಳದಲ್ಲಿ ನವಾಯತಿ, ಹೊನ್ನಾವರ–ಕುಮಟಾದಲ್ಲಿ ಹವ್ಯಕರ ಕನ್ನಡ, ಕಾರವಾರ ಸಮೀಪಿಸಿದಂತೆ ಕೊಂಕಣಿ. ಬೈಂದೂರಿನ ಮೂಕಾಂಬಿಕಾ ರೋಡಿನಲ್ಲಿ ಕೊಲ್ಲೂರಿನ ಭಕ್ತರು ಇಳಿಯುವಾಗ ಮಲಯಾಳವೂ ಸೇರುತ್ತದೆ. ಕಾದಿರಿಸಿದ ಬೋಗಿಯಲ್ಲಿ ಹತ್ತಿದವರು ಇಳಿಯುವ ತನಕ ಅವರೇ. ಇಲ್ಲಿ ಅರ್ಧ ಗಂಟೆಗೊಮ್ಮೆ ಎದುರಿನ ಬೆಂಚಿನ ಸಂಸಾರವೇ ಬೇರೆ.

ಏಕಹಳಿಯ ಮಾರ್ಗವಾದ್ದರಿಂದ ಕ್ರಾಸಿಂಗ್ ತಪ್ಪಿದ್ದಲ್ಲ. ಹೆಣ್ಣಿನ ಕಡೆಯವರು ಬೀಗರಿಗೆ ದಾರಿ ಬಿಟ್ಟು ನಿಂತಂತೆ ನಮ್ಮ ಗಾಡಿ ಲೂಪ್ ಲೈನಿನಲ್ಲಿ ನಿಂತು ಎಕ್ಸ್‌ಪ್ರೆಸ್ಸುಗಳನ್ನು ಕಳಿಸಿಕೊಡುತ್ತದೆ. ಅದೃಷ್ಟವಿದ್ದರೆ ರೋ-ರೋ ಗಾಡಿ ಎದುರಾಗುತ್ತದೆ: ಸುರತ್ಕಲ್‌ನಿಂದ ಮಹಾರಾಷ್ಟ್ರದ ಕೋಲಾಡಿಗೆ, ಸರಕು ತುಂಬಿದ ಲಾರಿಗಳ ಸಾಲೇ ರೈಲಿನ ಮೇಲೆ ಕೂತು ಹೋಗುವ ದೃಶ್ಯ. ಗಂಟೆ ನೋಡಿಕೊಂಡು ಹೊರಟವರಿಗೆ ಈ ಕಾಯುವಿಕೆ ಶಿಕ್ಷೆ. ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಬುತ್ತಿಗೆ ಬನ್ಸ್ ಸರಿ, ಒಣ ಚಟ್ನಿ ಸವರಿದ ಇಡ್ಲಿಯೂ ಸರಿ. ಸಾಂಬಾರು ಚೆಲ್ಲುವಂಥದ್ದು ಬೇಡ.

ಸೀಟು ಸಿಗದೆ ನಿಂತರೂ ಒಂದು ವಿದ್ಯೆ ಇದೆ. "ಸ್ವಲ್ಪ ಸರೀರಿ ಮಾರಾಯ್ರೆ" ಎಂದು ಮೂವರ ಬೆಂಚಿನಲ್ಲಿ ನಾಲ್ಕನೆಯವರಾಗಿ ತುದಿಗೆ ಕೂರುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಸೂಕ್ಷ್ಮವಾದದ್ದು "ನೀವು ಎಲ್ಲಿ ಇಳಿಯುದು?" ಎಂಬ ಪ್ರಶ್ನೆ. ಬೇಗ ಇಳಿಯುವವರ ಪಕ್ಕದಲ್ಲಿ ನಿಂತುಕೊಳ್ಳಿ, ಅಷ್ಟೆ. ಕೇಳಿಸಿಕೊಂಡವರು ಎದ್ದು ಹೋಗುವಾಗ ತಾವೇ ನಿಮ್ಮನ್ನು ಕೂರಿಸಿ ಹೋಗುತ್ತಾರೆ. ಅಲ್ಲಿಯ ವಾರಸುದಾರಿಕೆ ನಡೆಯುವುದು ಹೀಗೆ, ಬಾಯಿಮಾತಿನಲ್ಲಿ. ಬಾಗಿಲ ಮೆಟ್ಟಿಲಲ್ಲಿ ಕಾಲು ಇಳಿಬಿಟ್ಟು ಕೂರುವುದು ಮಾತ್ರ ಬೇಡ. ರೈಲ್ವೆ ಕಾಯ್ದೆಯ 156ನೆಯ ಕಲಮಿನಂತೆ ಅದು ಅಪರಾಧ. ಕಲಮಿಲ್ಲದಿದ್ದರೂ, ಸುರಂಗದ ಗೋಡೆ ಕಾಲಿಗೆ ರಿಯಾಯಿತಿ ಕೊಡುವುದಿಲ್ಲ.

ಇಳಿದ ಮೇಲಿನ ಲೆಕ್ಕವನ್ನೂ ಮೊದಲೇ ಹಾಕಿರಿ. ಈ ಮಾರ್ಗದಲ್ಲಿ ನಿಲ್ದಾಣದ ಹೆಸರು ಕಂಡಲ್ಲಿ ಊರು ಇರುವುದಿಲ್ಲ. ಉಡುಪಿಯ ನಿಲ್ದಾಣ ಇಂದ್ರಾಳಿಯಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಕಾರವಾರದ್ದು ಶಿರವಾಡದಲ್ಲಿ. ಗೋಕರ್ಣ ರೋಡ್ ಎಂಬ ಹೆಸರಿನಲ್ಲಿ 'ರೋಡ್' ಸುಮ್ಮನೆ ಇಟ್ಟದ್ದಲ್ಲ. ಹೊಳೆಗಳನ್ನೆಲ್ಲ ದಾಟಿಸಿದ ರೈಲಿಗಿಂತ ಊರು ಮುಟ್ಟಿಸುವ ರಿಕ್ಷಾಕ್ಕೇ ಹೆಚ್ಚು ಕೊಡಬೇಕಾಗಿ ಬಂದರೆ ಅಚ್ಚರಿಪಡಬೇಡಿ.

ಇಷ್ಟೆಲ್ಲ ಹೊಗಳಿದ ಮೇಲೆ ಹೊಗಳಿಕೆಯ ಮೇರೆಯನ್ನೂ ಹೇಳಬೇಕು. ಗಾಂಧೀಜಿ ಮೂರನೆಯ ದರ್ಜೆಯಲ್ಲಿ ಓಡಾಡಿ, 1917ರಲ್ಲಿ ಅಲ್ಲಿಯ ನೂಕುನುಗ್ಗಲು, ಹೊಲಸು ಕುರಿತು ಖಾರವಾಗಿ ಬರೆದರು. ಆ ದರ್ಜೆಯ ಹೆಸರು 1974ರಲ್ಲಿ ಹೋಯಿತು. ಬೆಂಗಳೂರಿನಿಂದ ಪೂರ್ವ ಭಾರತಕ್ಕೆ ಎರಡೆರಡು ರಾತ್ರಿ ಜನರಲ್ ಬೋಗಿಯಲ್ಲಿ ಹೋಗುವ ಕೂಲಿಕಾರರ ಪಾಲಿಗೆ ಹೋದದ್ದು ಹೆಸರು ಮಾತ್ರ. ಶೌಚಾಲಯದ ಬಾಗಿಲಲ್ಲೂ ಮನುಷ್ಯರು ಮಲಗಿರುವ ಆ ಬೋಗಿಯಲ್ಲಿ ಸೊಗಸು ಹುಡುಕುವುದು ಅವರ ಕಷ್ಟಕ್ಕೆ ಅವಮಾನ. ಹಗಲು, ಕಡಿಮೆ ದೂರ, ಬೇಕಾದರೆ ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುವ ಸ್ವಾತಂತ್ರ್ಯ: ಈ ಮೂರೂ ಇದ್ದಾಗಷ್ಟೇ ಇದು ಹವ್ಯಾಸ.

ಹವ್ಯಾಸಕ್ಕೆ ಹತ್ತಿದವರಿಗೆ ಒಂದು ಋಣವೂ ಇದೆ. ಅದೇ ಬೋಗಿಯಲ್ಲಿ ಆಸ್ಪತ್ರೆಗೆ ಹೊರಟವರು, ಕೆಲಸ ಮುಗಿಸಿ ಮರಳುವವರು, ಮಗುವನ್ನು ಎತ್ತಿಕೊಂಡು ನಿಂತವರು ಇರುತ್ತಾರೆ. ಅವರಿಗೆ ಪ್ರಯಾಣ ಅಗತ್ಯ, ನಮಗೆ ಅದು ಬಯಕೆ. ಹಾಗಾಗಿ ನನ್ನ ಶಿಫಾರಸು ಇಷ್ಟು: ಮೊದಲ ಸಲಕ್ಕೆ ಸೆಪ್ಟೆಂಬರಿನ ಒಂದು ಬುಧವಾರ, ಗದ್ದೆಗಳು ಹಸಿರಾಗಿರುವಾಗ, ಉಡುಪಿಯಿಂದ ಹೊನ್ನಾವರಕ್ಕೆ ಟಿಕೆಟ್ ತೆಗೆಯಿರಿ. ಕಿಟಕಿ ಸಿಕ್ಕಿದರೆ ಸೀತಾನದಿಯ ತನಕ ನೀವೇ ನೋಡಿ. ಆಮೇಲೆ ಯಾರಾದರೂ ಮಗುವನ್ನೋ ವಯಸ್ಸಾದವರನ್ನೋ ಅಲ್ಲಿ ಕೂರಿಸಿ, ನೀವು ಬೆಂಚಿನ ತುದಿಗೆ ಸರಿಯಿರಿ. ಶರಾವತಿ ತುದಿಯಿಂದಲೂ ಕಾಣುವಷ್ಟು ಅಗಲವಿದೆ.