ಅಳಿದವರ ಬದುಕು ಹುಡುಕುವ ಕಾದಂಬರಿ: ರಸಿಕರಿಗೊಂದು ಕೈಪಿಡಿ

ತೀರಿಹೋದವರ ನಿಜವಾದ ಬದುಕನ್ನು ಹುಡುಕುವ ಕಾದಂಬರಿಯಲ್ಲಿ ದೊಡ್ಡ ಘಟನೆ ಬಹಳ ಸಲ ಆರಂಭದಲ್ಲೇ ಮುಗಿದಿರುತ್ತದೆ. ಸಾವು ಆಗಿಹೋಗಿದೆ. ಸತ್ತವರು ತಮ್ಮ ಪರವಾಗಿ ಮಾತಾಡಲಾರರು. ಉಳಿದಿರುವುದು ಒಂದಿಷ್ಟು ಕಾಗದಪತ್ರ, ಒಂದಿಷ್ಟು ಹಣ ಅಥವಾ ಸಾಲ, ಮತ್ತು ಅವರನ್ನು ಬಲ್ಲ ಹತ್ತಾರು ಜನ. ಇವನ್ನೆಲ್ಲ ಕೂಡಿಸಿಕೊಂಡು ಆ ಮನುಷ್ಯ ಯಾರಾಗಿದ್ದ ಎಂದು ಕೇಳುತ್ತ ಹೊರಡುವವರು ಮತ್ತೊಬ್ಬರು. ‘ಮುಂದೇನಾಯಿತು’ ಎಂಬ ಕುತೂಹಲದಿಂದ ಇಂಥ ಕಾದಂಬರಿ ಹಿಡಿದವರಿಗೆ ಐವತ್ತು ಪುಟದೊಳಗೆ ಬೇಸರ ಬರುವುದುಂಟು. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಇದನ್ನು ಹೇಳುತ್ತಿರುವವರು ಯಾರು, ಯಾಕೆ ಹೀಗೆ ಹೇಳುತ್ತಿದ್ದಾರೆ’ ಎಂಬುದು.

ಬಳ್ಳಾರಿ ಬಳಿಯ ಕುಡತಿನಿಯಂಥ ಊರಿನ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಹೊಲದ ಒಡೆಯ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಬೇಕಾದರೆ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ಅದಕ್ಕಾಗಿ ಸ್ಥಳ ಮಹಜರು ನಡೆಯುತ್ತದೆ, ನೆರೆಹೊರೆಯವರು ಸಹಿ ಹಾಕುತ್ತಾರೆ. ಸುಮಾರು 2010ರಲ್ಲಿ ಉಕ್ಕಿನ ಕಾರ್ಖಾನೆಗಳ ಹೆಸರಿನಲ್ಲಿ ಇಲ್ಲಿನ ಸುತ್ತಮುತ್ತಲ ಸಾವಿರಾರು ಎಕರೆ ಸ್ವಾಧೀನವಾಯಿತು. ಆಮೇಲೆ ಈ ಕಾಗದದ ತೂಕ ಎಷ್ಟೆಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಳೆಯಲ್ಲಿ ಹೆಂಡತಿ ಯಾರು, ಮಕ್ಕಳೆಷ್ಟು ಎಂಬುದು ಗೆರೆ ಎಳೆದು ಬರೆದಿರುತ್ತದೆ. ಆತ ಯಾರ ಮೇಲೆ ಜೀವ ಇಟ್ಟಿದ್ದ, ಯಾರಿಗೆ ಮುಚ್ಚಿ ಹಣ ಕೊಡುತ್ತಿದ್ದ, ಯಾವ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟಿದ್ದ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಅದನ್ನೆಲ್ಲ ಮಣ್ಣಿಗೆ ಬಂದವರು ಕಟ್ಟೆಯ ಮೇಲೆ ಕೂತು ದನಿ ತಗ್ಗಿಸಿ ಆಡಿಕೊಳ್ಳುತ್ತಾರೆ. ಈ ಬಗೆಯ ಕಾದಂಬರಿ ಕಿವಿಗೊಡುವುದು ಆ ಮಾತುಗಳಿಗೆ.

ಕನ್ನಡದಲ್ಲಿ ಈ ಬಗೆಗೆ ಮೊದಲು ನೆನಪಾಗಬೇಕಾದ ಕೃತಿ ಶಿವರಾಮ ಕಾರಂತರ ‘ಅಳಿದ ಮೇಲೆ’ (1960). ಕಥೆ ಹೇಳುವವರು ಒಬ್ಬ ಲೇಖಕರು, ಹೆಚ್ಚುಕಡಿಮೆ ಕಾರಂತರೇ. ರೈಲಿನಲ್ಲಿ ಪರಿಚಯವಾದ ಯಶವಂತರಾಯರು ಮುಂಬಯಿಯಲ್ಲಿ ತೀರಿಕೊಳ್ಳುತ್ತಾರೆ. ತಮ್ಮ ಬರಹವನ್ನೂ ಹಣವನ್ನೂ ಈ ಲೇಖಕರ ವಶಕ್ಕೆ ಬಿಟ್ಟಿರುತ್ತಾರೆ. ರಾಯರಿಗೆ ಸೇರಿದವರು ಯಾರು, ಆ ಹಣ ಯಾರಿಗೆ ಸಲ್ಲಬೇಕು ಎಂದು ತಿಳಿಯಲು ಲೇಖಕರು ಊರೂರು ಅಲೆಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ಹುಡುಕುವವರು ನಂಟರೇ ಅಲ್ಲ. ಅವರಿಗೆ ಆಸ್ತಿಯಲ್ಲಿ ಪಾಲಿಲ್ಲ, ಮನೆತನದ ಮಾನ ಕಾಯುವ ಹೊಣೆಯೂ ಇಲ್ಲ. ಹಾಗಾಗಿ ನಂಟರು ಬಾಯಿ ಬಿಟ್ಟಾಗ ಅವರ ಮಾತಿನೊಳಗಿನ ಲೆಕ್ಕಾಚಾರ ಲೇಖಕರ ಕಣ್ಣಿಗೂ ಓದುಗರ ಕಣ್ಣಿಗೂ ಒಟ್ಟಿಗೇ ಬೀಳುತ್ತದೆ. ಹೊರಗಿನವರ ಕೈಗೆ ಹುಡುಕಾಟ ಕೊಟ್ಟದ್ದು ಕಾರಂತರ ದೊಡ್ಡ ಜಾಣ್ಮೆ.

ಈ ಕಾದಂಬರಿಯಲ್ಲಿ ಸಾಕು ತಾಯಿಯಂತಿರುವ ಮುದುಕಿ ಪಾರ್ವತಮ್ಮನ ಭಾಗ ಬಂದಾಗ ಓದು ನಿಧಾನವಾಗಬೇಕು. ಸತ್ತವನಿಂದ ತನಗೇನು ಬರಬೇಕು ಎಂಬ ಲೆಕ್ಕ ಆಕೆಯ ಮಾತಿನಲ್ಲಿಲ್ಲ. ಆಕೆ ನೆನೆಯುವುದು ತಾನು ಎತ್ತಿ ಆಡಿಸಿದ ಹುಡುಗನನ್ನು. ಉಳಿದವರ ಬಾಯಲ್ಲಿ ಬರುವ ರಾಯರನ್ನು ಆಕೆಯ ಮಾತಿನ ಪಕ್ಕ ಇಟ್ಟು ನೋಡಿದರೆ ಯಾರ ಸಾಕ್ಷಿಗೆ ಎಷ್ಟು ಬೆಲೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಆದರೂ ಪಾರ್ವತಮ್ಮ ಹೇಳಿದ್ದೇ ಪೂರ್ಣಸತ್ಯವೆಂದು ಹಿಡಿಯಬಾರದು. ಆಕೆಗೆ ಗೊತ್ತಿರುವುದು ಹುಡುಗ, ಮುಂಬಯಿಯ ಒಂಟಿ ಮನುಷ್ಯನಲ್ಲ. ಪ್ರೀತಿಯಿಂದ ಕೊಟ್ಟ ಸಾಕ್ಷಿಯೂ ಒಂದು ಕಡೆಯ ಸಾಕ್ಷಿಯೇ.

ಆದ್ದರಿಂದ ಒಬ್ಬೊಬ್ಬರು ಬಾಯಿ ಬಿಟ್ಟಾಗಲೂ ಎರಡು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಸತ್ತವರ ಬದುಕಿನ ಯಾವ ಕಾಲವನ್ನು ಇವರು ಕಂಡಿದ್ದಾರೆ? ಈ ಮಾತಿನಿಂದ ಇವರಿಗೆ ಏನು ದಕ್ಕುತ್ತದೆ, ಏನು ಮುಚ್ಚಿಹೋಗುತ್ತದೆ? ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರೂ ತಪ್ಪಿಲ್ಲ. ಇಬ್ಬರು ಒಂದೇ ಪ್ರಸಂಗವನ್ನು ಬೇರೆ ಬೇರೆಯಾಗಿ ಹೇಳಿದಾಗ ಯಾರು ಸುಳ್ಳರು ಎಂದು ತೀರ್ಪು ಕೊಡುವ ಅವಸರ ಬೇಡ. ಬಹಳ ಸಲ ಇಬ್ಬರೂ ಕಂಡದ್ದನ್ನೇ ಹೇಳಿರುತ್ತಾರೆ.

ಕಾಗದಪತ್ರ ಕೈಗೆ ಸಿಕ್ಕಾಗ ಮಾತ್ರ ಹೊಸ ಓದುಗರು ಸುಲಭವಾಗಿ ಮೋಸಹೋಗುತ್ತಾರೆ. ಬರೆದಿಟ್ಟದ್ದು ಎಂದ ಕೂಡಲೇ ನಿಜವೆಂದು ನಂಬುವ ರೂಢಿ ಎಲ್ಲರಲ್ಲೂ ಇದೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಈ ನಂಬಿಕೆಯನ್ನೇ ಕಥೆಯ ಬುಡದಲ್ಲಿ ಇಟ್ಟಿದೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ವಿಧವೆ ಸೊಸೆ ಕಾತ್ಯಾಯಿನಿ ಓದು ಮುಂದುವರಿಸಿ, ಕೊನೆಗೆ ಮರುಮದುವೆಯಾಗುತ್ತಾಳೆ. ಶ್ರೋತ್ರಿಗಳು ಆಕೆಯನ್ನು ಕಟ್ಟಿಹಾಕುವುದಿಲ್ಲ, ಆದರೆ ಮೊಮ್ಮಗ ವಂಶದ ಕುಡಿ ಎಂದು ಮನೆಯಲ್ಲೇ ಉಳಿಯುತ್ತಾನೆ. ಕಾದಂಬರಿ ಮುಗಿಯುತ್ತ ಬಂದಾಗ, ಹಳೆಯ ದಾಖಲೆಗಳ ಬೆನ್ನು ಹತ್ತಿದ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ಅವರ ತಂದೆ ಎನಿಸಿಕೊಂಡವರು ಆಸ್ತಿ ತಮ್ಮನ ಪಾಲಾಗಬಾರದೆಂಬ ಹಟಕ್ಕೆ ಬಿದ್ದು, ಬೇರೊಬ್ಬನಿಂದ ಸಂತಾನ ಪಡೆದಿದ್ದರು. ಯಾವ ವಂಶದ ಹೆಸರಿನಲ್ಲಿ ತಾಯಿ ಮಗುವನ್ನು ಅಗಲಬೇಕಾಯಿತೋ ಆ ವಂಶ ಎಂದೋ ತುಂಡಾಗಿತ್ತು.

ಈ ಗುಟ್ಟನ್ನು ಇಲ್ಲಿ ಬಿಚ್ಚಿಟ್ಟದ್ದರಿಂದ ಓದಿನ ಸುಖ ಕೆಡುವುದಿಲ್ಲ. ‘ವಂಶವೃಕ್ಷ’ ಎರಡನೆಯ ಓದಿಗೆ ಇನ್ನೂ ಹೆಚ್ಚು ತೆರೆದುಕೊಳ್ಳುವ ಪುಸ್ತಕ. ಗುಟ್ಟು ಗೊತ್ತಿದ್ದು ಮತ್ತೆ ಓದಿದರೆ, ಶ್ರೋತ್ರಿಗಳು ವಂಶ, ಕ್ಷೇತ್ರ, ಧರ್ಮ ಎಂದು ಸೊಸೆಗೆ ಹೇಳುವ ಪ್ರತಿ ಮಾತೂ ಅವರಿಗೇ ತಿರುಗಿ ಬರಲಿರುವ ಮಾತಾಗಿ ಕೇಳಿಸುತ್ತದೆ. ಇಡೀ ಕಾದಂಬರಿಯ ಭಾರ ಹೊತ್ತಿರುವುದು ಆ ಹಳೆಯ ಕಾಗದ ಸಿಕ್ಕ ಗಳಿಗೆಯಲ್ಲ, ಅದು ಸಿಕ್ಕ ಮೇಲೆ ಶ್ರೋತ್ರಿಗಳು ತೆಗೆದುಕೊಳ್ಳುವ ನಿರ್ಧಾರ. ಅವರು ಆಸ್ತಿಯನ್ನು ಬಿಟ್ಟು ಮನೆಯಿಂದ ಹೊರಡುತ್ತಾರೆ. ಸತ್ತವರ ಸತ್ಯ ಬದುಕಿರುವವರ ಮೇಲೆ ಏನು ಕೆಲಸ ಮಾಡಿತು ಎಂಬುದರಿಂದಲೇ ಇಂಥ ಕಾದಂಬರಿಯ ಯೋಗ್ಯತೆ ಗೊತ್ತಾಗುವುದು.

ನಡೆದದ್ದೇನು ಎಂಬುದು ತಿಳಿದರೂ ಯಾಕೆ ನಡೆಯಿತು ಎಂಬುದು ಉಳಿದುಬಿಡುತ್ತದೆ. ಇದಕ್ಕೆ ಕುಡತಿನಿಯ ಬೂದಿ ದಿಬ್ಬಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಊರವರ ಹಳೆಯ ಕಥೆಯಲ್ಲಿ ಅದು ಭೀಮ ಕೊಂದ ಹಿಡಿಂಬಾಸುರನ ಚಿತೆಯ ಬೂದಿ. 19ನೆಯ ಶತಮಾನದ ಇಂಗ್ಲಿಷ್ ಅಧಿಕಾರಿಗಳೂ ವಿದ್ವಾಂಸರೂ ತಮಗೆ ತೋಚಿದ್ದನ್ನು ಊಹಿಸಿದರು: ಜ್ವಾಲಾಮುಖಿಯ ಬೂದಿ ಎಂದರು, ಸಾಮೂಹಿಕ ದಹನ ಎಂದರು. ದನದ ಸಗಣಿ ಸುಟ್ಟು ಆದದ್ದು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದರು. 1957ರಲ್ಲಿ ಉತ್ನೂರಿನ ಬೂದಿ ದಿಬ್ಬವನ್ನು ಅಗೆದ ಎಫ್.ಆರ್. ಆಲ್ಚಿನ್, ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸಗಣಿ ಮತ್ತೆ ಮತ್ತೆ ಸುಟ್ಟದ್ದನ್ನು ಪದರ ಪದರವಾಗಿ ತೋರಿಸಿದರು. ಬೂದಿ ಯಾವುದರದು ಎಂಬ ಪ್ರಶ್ನೆ ಅಲ್ಲಿಗೆ ತೀರಿತು. ಆ ಜನ ಅದನ್ನು ಸುಟ್ಟದ್ದು ಪೂಜೆಗೋ, ಹಬ್ಬಕ್ಕೋ, ರೋಗ ತಡೆಯುವುದಕ್ಕೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ಒಬ್ಬ ಮನುಷ್ಯನ ಬದುಕನ್ನು ಅಗೆಯುವ ಕಾದಂಬರಿಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಯಶವಂತರಾಯರು ಎಲ್ಲಿದ್ದರು, ಯಾರಿಗೆ ನೆರವಾದರು ಎಂಬುದು ತಿಳಿಯುತ್ತದೆ. ತಮ್ಮವರಿಂದ ಅಷ್ಟು ದೂರ ಹೋಗಿ ಒಂಟಿಯಾಗಿ ಯಾಕೆ ಉಳಿದರು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಉತ್ತರ.

ನಡೆದದ್ದೇನು ಎಂಬುದೂ ಇತ್ಯರ್ಥವಾಗದ ಕಾದಂಬರಿ ಯು.ಆರ್. ಅನಂತಮೂರ್ತಿಯವರ ‘ಭವ’ (1994). ವಿಶ್ವನಾಥ ಶಾಸ್ತ್ರಿಗಳು ರೈಲಿನಲ್ಲಿ ದಿನಕರನೆಂಬ ಟಿವಿ ತಾರೆಯ ಕೊರಳಲ್ಲಿ ಒಂದು ತಾಯಿತ ಕಾಣುತ್ತಾರೆ. ಅದು ತಮ್ಮ ಹೆಂಡತಿ ಸರೋಜಳದು. ಆಕೆಯನ್ನು ತಾವೇ ಕೊಂದೆವೆಂದು ಅವರು ಅಷ್ಟು ವರ್ಷ ನಂಬಿ ಬದುಕಿದ್ದರು. ದಿನಕರ ತಮ್ಮ ಮಗನೋ, ಆಕೆ ಮೆಚ್ಚಿದ್ದ ಬೇರೊಬ್ಬನ ಮಗನೋ ಎಂಬ ಪ್ರಶ್ನೆಗೆ ಕೃತಿ ಖಚಿತ ಉತ್ತರ ಕೊಡುವುದಿಲ್ಲ. ಹೊಸ ಓದುಗರಿಗೆ ಇದು ಲೇಖಕರು ಕೈಬಿಟ್ಟಂತೆ ಕಾಣಬಹುದು. ನಿಜದಲ್ಲಿ ಉತ್ತರ ಸಿಕ್ಕಿದ್ದರೆ ಸರೋಜ ಮತ್ತೆ ಯಾರೋ ಒಬ್ಬ ಗಂಡಸಿನ ಲೆಕ್ಕಕ್ಕೆ ಸೇರಿಹೋಗುತ್ತಿದ್ದಳು. ಗುಟ್ಟು ಉಳಿದದ್ದರಿಂದ ಆಕೆಯ ಬದುಕು ಆಕೆಯದಾಗಿಯೇ ಉಳಿಯಿತು. ಇಂಥ ಕಾದಂಬರಿಗಳಲ್ಲಿ ಸತ್ತವರು ಹೆಂಗಸಾಗಿದ್ದಾಗ, ಆಕೆಯ ಕಥೆ ಯಾರ ಬಾಯಿಂದ ಬರುತ್ತಿದೆ ಎಂಬುದರ ಮೇಲೆ ಇನ್ನಷ್ಟು ಎಚ್ಚರ ಬೇಕು.

ಹುಡುಕುವವರು ಮಗಳೇ ಆದಾಗ ಏನಾಗುತ್ತದೆ ಎಂಬುದಕ್ಕೆ ಭೈರಪ್ಪನವರ ‘ಆವರಣ’ (2007) ಇದೆ. ಮನೆಯಿಂದ ದೂರವಾಗಿದ್ದ ಲಕ್ಷ್ಮಿ, ಮದುವೆಯ ನಂತರದ ರಜಿಯಾ, ತಂದೆ ಸತ್ತ ಮೇಲೆ ಹಳ್ಳಿಗೆ ಬಂದು ಅವರು ಕೂಡಿಸಿಟ್ಟ ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಓದತೊಡಗುತ್ತಾಳೆ. ಈ ಕೃತಿಯ ಇತಿಹಾಸದ ವಾದದ ಸುತ್ತ ಆದ ಗದ್ದಲದಲ್ಲಿ ಒಂದು ಸಂಗತಿ ಮರೆಯಾಗಿದೆ. ಬದುಕಿದ್ದಾಗ ಮಾತು ಬಿಟ್ಟ ತಂದೆಯೊಡನೆ, ಆತ ಗೆರೆ ಎಳೆದ ಪುಟಗಳ ಮೂಲಕ ಮಾತು ಮುಂದುವರಿಸಲು ಹೊರಟ ಮಗಳ ಕಥೆಯೂ ಇದರೊಳಗಿದೆ. ವಾದವನ್ನು ಒಪ್ಪದವರೂ ಆ ಎಳೆ ಹಿಡಿದು ಓದಬಹುದು.

ಕಾಲದ ವಿಷಯದಲ್ಲಿ ಒಂದು ಮಾತು ಸಾಕು. ಇಲ್ಲಿ ಎರಡು ಕಾಲ ಒಟ್ಟಿಗೇ ನಡೆಯುತ್ತವೆ: ಸತ್ತವರು ಬದುಕಿದ್ದ ಕಾಲ, ಹುಡುಕುವವರು ಅಲೆಯುವ ಕಾಲ. ಗೊಂದಲವಾದರೆ ಹುಡುಕಾಟದ ಕಾಲವನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು. ಇನ್ನೊಂದು ಅದರ ಹಿಂದೆಯೇ ಬರುತ್ತದೆ.

ಹೊರಗಿನ ಭಾಷೆಗಳಲ್ಲಿ ಇದೇ ದಾರಿ ಬೇರೆ ಬೇರೆ ಕಡೆಗೆ ಹೋಗಿದೆ. ವ್ಲಾದಿಮಿರ್ ನಬೊಕೊವ್ ಅವರ ‘ದಿ ರಿಯಲ್ ಲೈಫ್ ಆಫ್ ಸೆಬಾಸ್ಟಿಯನ್ ನೈಟ್’ (1941) ಕಾದಂಬರಿಯಲ್ಲಿ ನಿರೂಪಕ, ತೀರಿಹೋದ ಮಲ ಅಣ್ಣನ ಜೀವನಚರಿತ್ರೆ ಬರೆಯಲು ಹೊರಡುತ್ತಾನೆ. ಅಣ್ಣನ ಕೊನೆಯ ಗಳಿಗೆಯಲ್ಲಿ ಆಸ್ಪತ್ರೆಯ ಕೋಣೆಯ ಕತ್ತಲಲ್ಲಿ ಅವನ ಹತ್ತಿರವೇ ಕೂತಿದ್ದೇನೆಂದು ನೆಮ್ಮದಿಪಡುತ್ತಾನೆ. ಆಮೇಲೆ ತಿಳಿಯುತ್ತದೆ, ಒಳಗೆ ಮಲಗಿದ್ದವನು ಬೇರೆ ಯಾರೋ. ಅಣ್ಣ ಆಗಲೇ ಸತ್ತಿದ್ದ. ಮೆಕ್ಸಿಕೋದ ಹುವಾನ್ ರುಲ್ಫೊ ಅವರ ‘ಪೆದ್ರೊ ಪಾರಮೊ’ (1955) ಇನ್ನೂ ಮುಂದೆ ಹೋಗುತ್ತದೆ. ಸಾಯುವ ತಾಯಿಗೆ ಕೊಟ್ಟ ಮಾತಿನಂತೆ ತಂದೆಯನ್ನು ಹುಡುಕಿ ಬಂದ ಮಗನಿಗೆ ಆ ಊರಿನಲ್ಲಿ ಸಾಕ್ಷಿ ಹೇಳುವವರೆಲ್ಲ ಸತ್ತವರೇ.

ಮೊದಲ ಸಲ ಈ ಬಗೆಯನ್ನು ಓದುವವರು ‘ಅಳಿದ ಮೇಲೆ’ಯಿಂದ ಹೊರಡುವುದು ಲೇಸು. ಅದರ ದಾರಿ ನೇರ, ಸಾಕ್ಷಿಗಳು ಒಬ್ಬರ ನಂತರ ಒಬ್ಬರು ಬರುತ್ತಾರೆ. ‘ವಂಶವೃಕ್ಷ’ವನ್ನು ಓದಿದವರು, ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ ಸೇರಿ ನಿರ್ದೇಶಿಸಿದ ಸಿನಿಮಾವನ್ನೂ ನೋಡಿ, ಶ್ರೋತ್ರಿಗಳ ಕೊನೆಯ ತಿಳಿವಳಿಕೆ ಪರದೆಯ ಮೇಲೆ ಹೇಗೆ ಬಂದಿದೆ ಎಂದು ಹೋಲಿಸಬಹುದು. ‘ಭವ’ ಚಿಕ್ಕ ಪುಸ್ತಕವಾದರೂ ಅದನ್ನು ಮೂರನೆಯದಾಗಿ ಇಟ್ಟುಕೊಳ್ಳಬೇಕು, ಉತ್ತರವಿಲ್ಲದೆ ಪುಸ್ತಕ ಮುಚ್ಚುವುದು ಅಷ್ಟರಲ್ಲಿ ರೂಢಿಯಾಗಿರುತ್ತದೆ.