ಕ್ವೇಕ್ 3 ಅರೀನಾದ ವಕ್ರ ವಾಸ್ತು

ವಿಡಿಯೋ ಗೇಮ್‌ಗಳ ಚರಿತ್ರೆಯನ್ನು ಹೇಳುವವರು, ಮೊದಲು ಮೂಲೆಮೂಲೆಯಾದ ಒರಟು ಕಟ್ಟಡಗಳಿದ್ದುವು, ಅನಂತರ ನುಣುಪಾಗಿ ಬಾಗಿದ ಗೋಡೆಗಳು ಬಂದುವು, ಇದೇ ಪ್ರಗತಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದುಂಟು. 1999ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್ ಸಂಸ್ಥೆಯಿಂದ ಹೊರಬಂದ ‘ಕ್ವೇಕ್ 3 ಅರೀನಾ’ವನ್ನು ಈ ತಿರುವಿನ ಗುರುತಾಗಿ ಎತ್ತಿ ತೋರಿಸುವುದೂ ಉಂಟು. ಆಟದ ಚಿತ್ರಗಳನ್ನಷ್ಟೇ ಮುಂದಿಟ್ಟುಕೊಂಡು ನೋಡಿದರೆ ಈ ಮಾತು ಸರಿಯೆಂದೇ ತೋರುತ್ತದೆ. ಆದರೆ ಕಟ್ಟಡವೆಂಬುದು ಚಿತ್ರವಲ್ಲ. ಅದರೊಳಗೆ ನಡೆದಾಡುವವನಿದ್ದಾನೆ, ಅದನ್ನು ಕಟ್ಟಿದವನಿದ್ದಾನೆ. ಆಟದ ರಂಗಸ್ಥಳವನ್ನು ಕಟ್ಟುವ ಸಾಧನವಾದ ಲೆವೆಲ್ ಎಡಿಟರಿನಲ್ಲಿ ಕಮಾನು ಹೇಗೆ ರೂಪುಗೊಳ್ಳುತ್ತದೆಂಬುದನ್ನು ಅರಿಯದೆ ಅದರ ಗುಣದೋಷಗಳನ್ನು ನಿರ್ಣಯಿಸ ಹೊರಡುವುದು, ಮಾತ್ರೆಗಳನ್ನೆಣಿಸಲು ಬಾರದೆ ರಗಳೆಯ ವಿಮರ್ಶೆಗೆ ತೊಡಗಿದಂತೆಯೇ ಸರಿ.

ಹಳೆಯ ಪದ್ಧತಿಯನ್ನು ಮೊದಲು ನೋಡೋಣ. 1993ರ ‘ಡೂಮ್’ನಲ್ಲಿ ಕಟ್ಟಡವು ನೆಲದ ನಕ್ಷೆಯ ಮೇಲೆ ಎಳೆದ ಸರಳರೇಖೆಗಳ ಕೂಟ, ದುಂಡು ಗೋಡೆ ಬೇಕಾದರೆ ಗಿಡ್ಡ ಗೆರೆಗಳನ್ನು ಒಂದರ ಪಕ್ಕಕ್ಕೊಂದು ಓರೆಯಾಗಿ ಸೇರಿಸಬೇಕು. 1996ರ ‘ಕ್ವೇಕ್’ನಲ್ಲಿ ಕಟ್ಟುವ ವಸ್ತು ‘ಬ್ರಷ್’, ಎಂದರೆ ಸಮತಲಗಳಿಂದ ಸುತ್ತುವರಿದ, ಎಲ್ಲಿಯೂ ಒಳಕ್ಕೆ ತಗ್ಗದ ಘನಾಕೃತಿ. ಇಲ್ಲಿ ಕಮಾನನ್ನು ಎತ್ತಬೇಕಾದರೆ ಕಲ್ಲುಕುಟಿಗನಂತೆ ಬೆಣೆಯಾಕಾರದ ತುಂಡುಗಳನ್ನು ಒಂದೊಂದಾಗಿ ಜೋಡಿಸಬೇಕು. ಮೂಲೆಗಳು ಕಾಣುತ್ತವೆ, ನಿಜ. ಆದರೆ ಅದೇ ತುಂಡು ಕಣ್ಣಿಗೆ ಕಾಣುತ್ತದೆ, ಅದೇ ಮೈಯನ್ನು ತಡೆಯುತ್ತದೆ, ಲೆವೆಲ್ಲಿನ ಹೊರಗಿರುವ ಶೂನ್ಯವು ಒಳಕ್ಕೆ ಸೋರದಂತೆ ಮುಚ್ಚುವುದೂ ಅದೇ. ಮೂರು ಕಾರ್ಯಗಳಿಗೂ ಒಂದೇ ವಸ್ತು. ಈ ಏಕತೆಯನ್ನು ಒರಟುತನದ ಲೆಕ್ಕಕ್ಕೆ ಸೇರಿಸಿ ಮರೆತಿರುವುದು ಅನ್ಯಾಯ.

‘ಕ್ವೇಕ್ 3’ರಲ್ಲಿ ಬ್ರಷ್ಷಿನ ಜೊತೆಗೆ ‘ಪ್ಯಾಚ್’ ಬಂದಿತು. ಮೂರು ಸಾಲು ಮೂರು ಕಂಬಗಳ ಒಂಬತ್ತು ನಿಯಂತ್ರಣ ಬಿಂದುಗಳನ್ನು ಕಟ್ಟುವವನು ಎಳೆದಾಡುತ್ತಾನೆ. ಅವುಗಳ ಸೆಳೆತಕ್ಕೆ ಒಳಗಾಗಿ ಒಂದು ಹಾಳೆ ಬಾಗುತ್ತದೆ. ಇದರ ಗಣಿತ ವಿಡಿಯೋ ಗೇಮಿಗಾಗಿ ಹುಟ್ಟಿದ್ದಲ್ಲ. ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ, ಸಿಟ್ರೋಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೋ 1959ರಲ್ಲಿಯೂ, ರೆನೋದಲ್ಲಿ ಪಿಯೆರ್ ಬೆಜಿಯೆ 1960ರ ದಶಕದಲ್ಲಿಯೂ ಕಾರಿನ ಹೊರಮೈಯನ್ನು ರೂಪಿಸಲು ಇದನ್ನು ಬಳಸಿದರು. ತಗಡಿಗಾಗಿ ಹುಟ್ಟಿದ ರೇಖೆ ಆಟದ ಕಟ್ಟಡಕ್ಕೆ ಬಂದ ಮೇಲೂ ತಗಡಾಗಿಯೇ ಉಳಿಯಿತೆಂಬುದು ನಮ್ಮ ಅಭಿಪ್ರಾಯ. ಪ್ಯಾಚಿಗೆ ದಪ್ಪವೆಂಬುದಿಲ್ಲ. ವಿಶೇಷ ಏರ್ಪಾಡು ಮಾಡದಿದ್ದರೆ ಅದಕ್ಕೆ ಮುಂಭಾಗವೊಂದೇ. ಹಿಂದಿನಿಂದ ನೋಡಿದರೆ ಅದು ಇಲ್ಲವೇ ಇಲ್ಲ. ಶೂನ್ಯವನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲದ ಕಾರಣ, ಪ್ರತಿ ಬಾಗಿದ ಗೋಡೆಯ ಬೆನ್ನಿಗೂ ‘ಕಾಲ್ಕ್’ ಎಂಬ ಕಾಣದ ಬಣ್ಣ ಬಳಿದ ನೇರವಾದ ಬ್ರಷ್ಷನ್ನು ನಿಲ್ಲಿಸಲೇಬೇಕು. ಗೋಡೆಯ ಕೆಲಸವನ್ನು ಮಾಡುವುದು ಹಿಂದಿರುವ ಪೆಟ್ಟಿಗೆ. ಮೆಚ್ಚುಗೆ ಪಡೆಯುವುದು ಮುಂದಿರುವ ತಗಡು.

ಹೋಗಲಿ, ಆ ತಗಡಾದರೂ ದುಂಡಗಿದೆಯೆ? ಎಡಿಟರಿನ ಸಿದ್ಧ ಆಕೃತಿಗಳಲ್ಲಿ ಒಂದಾದ ‘ಸಿಲಿಂಡರ್’ ನಾಲ್ಕು ಕಾಲುವೃತ್ತಗಳಿಂದ ಆದದ್ದು. ಅದರ ನಿಯಂತ್ರಣ ಬಿಂದುಗಳು ಒಂದು ಚೌಕದ ಮೂಲೆಗಳಲ್ಲಿಯೂ ಬದಿಗಳ ನಡುವೆಯೂ ಇರುತ್ತವೆ. ಆದರೆ ಎರಡನೆಯ ಘಾತದ ಬೆಜಿಯೆ ರೇಖೆಗೆ ನಿಜವಾದ ವೃತ್ತವನ್ನು ಬರೆಯುವುದು ಸಾಧ್ಯವಿಲ್ಲ. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದರೆ ಬದಿಗಳ ನಡುವೆ ಸರಿಯಾಗಿರುವ ತ್ರಿಜ್ಯ, ಮೂಲೆಗಳ ಕಡೆಗೆ ನೂರಕ್ಕೆ 6ರಷ್ಟು ಹೆಚ್ಚುತ್ತದೆ. ಅಲ್ಲಿನ ಬಾಗು ಬದಿಯ ಬಾಗಿನ ಮೂರರಷ್ಟಕ್ಕೆ ಹತ್ತಿರವಾಗಿರುತ್ತದೆ. ಹೀಗಾಗಿ ಕಂಬಕ್ಕೆ ಒತ್ತಿ ಚೌಕ ಮಾಡಿದ ಡಬ್ಬದ ಛಾಯೆ ಬರುತ್ತದೆ. ಹಳೆಯ ಬ್ರಷ್ ಕಮಾನನ್ನು ಇದರ ಪಕ್ಕಕ್ಕಿಡೋಣ. ಅರ್ಧವೃತ್ತವನ್ನು ಎಂಟು ತುಂಡುಗಳಲ್ಲಿ ಕಟ್ಟಿದರೆ ಅದು ವೃತ್ತದಿಂದ ಅತಿ ಹೆಚ್ಚೆಂದರೆ ನೂರಕ್ಕೆ 2ಕ್ಕಿಂತ ತುಸು ಕಡಿಮೆ ತಪ್ಪುತ್ತದೆ. 128 ಮಾನದ ತ್ರಿಜ್ಯವಿರುವ ಕಮಾನಿನಲ್ಲಿ ಪ್ಯಾಚಿನ ತಪ್ಪು ಸುಮಾರು 7.8 ಮಾನ, ಬ್ರಷ್ಷಿನದು ಸುಮಾರು 2.5. ನುಣುಪಾದುದು ಹೆಚ್ಚು ದುಂಡೆಂದು ಕಣ್ಣು ನಂಬುತ್ತದೆ. ಅಳತೆಗೋಲು ಬೇರೆ ಹೇಳುತ್ತದೆ.

ಮೈಯ ವಿಷಯ ಇನ್ನೂ ವಿಚಿತ್ರವಾಗಿದೆ. ಈ ಆಟದ ಮೂಲ ಪ್ರೋಗ್ರಾಮು 2005ರಲ್ಲಿ ಬಹಿರಂಗವಾಗಿ ಪ್ರಕಟವಾದುದರಿಂದ ಇಲ್ಲಿ ಊಹೆಗೆ ಎಡೆಯಿಲ್ಲ. ತೆರೆಯ ಮೇಲೆ ಬರೆಯುವಾಗ ಯಂತ್ರವು ಪ್ಯಾಚನ್ನು ಚಿಕ್ಕ ಚಿಕ್ಕ ಚಪ್ಪಟೆ ಮುಖಗಳಾಗಿ ಒಡೆಯುತ್ತದೆ. ಸಾಮಾನ್ಯವಾಗಿ 4 ಮಾನದ ತಪ್ಪನ್ನಷ್ಟೇ ಸೈರಿಸುತ್ತದೆ. ದೇಹ ತಗಲಿತೆ ಇಲ್ಲವೆ ಎಂದು ಗೊತ್ತುಮಾಡುವಾಗ ಅದೇ ಪ್ಯಾಚನ್ನು ಬೇರೆಯಾಗಿ ಒಡೆಯುತ್ತದೆ, ಆಗ ಸೈರಣೆ 16 ಮಾನ. ಇದರ ಫಲವೇನು? 64 ಮಾನದ ತ್ರಿಜ್ಯವುಳ್ಳ ದುಂಡು ಕಂಬ ಮೈಗೆ ಎಂಟು ಮುಖದ ಕಂಬವಾಗುತ್ತದೆ. 32 ಮಾನದ ತೆಳುಗಂಬವಾದರೋ ನಾಲ್ಕೇ ಮುಖದ್ದು! ಅದರ ಓರೆಬದಿಯಲ್ಲಿ ಕಾಣುವ ಮೇಲ್ಮೈಗೂ ತಡೆಯುವ ಮೇಲ್ಮೈಗೂ ನಡುವೆ ಸುಮಾರು 11 ಮಾನದ ಅಂತರ. ಆಟಗಾರನ ದೇಹದ ಅಗಲವೇ 30 ಮಾನವಿರುವಾಗ ಇದು ಅಲ್ಪವಲ್ಲ. ಆ ದೇಹವೂ ದುಂಡಲ್ಲ. ಅದು ಎತ್ತ ತಿರುಗಿದರೂ ತಾನು ತಿರುಗದ ಒಂದು ಚೌಕ ಪೆಟ್ಟಿಗೆ. (ಪೆಟ್ಟಿಗೆಯ ದೇಹ ಹಳೆಯ ‘ಕ್ವೇಕ್’ನಲ್ಲಿಯೂ ಇತ್ತು. ಆದರೆ ಅಲ್ಲಿನ ಕಂಬ ತಾನು ದುಂಡಗಿದ್ದೇನೆಂದು ಹೇಳಿಕೊಂಡಿರಲಿಲ್ಲ.)

ಇಷ್ಟನ್ನು ಹೇಳಿದ ಮಾತ್ರಕ್ಕೆ ವಕ್ರರೇಖೆಯನ್ನು ನಾವು ತಳ್ಳಿಹಾಕುತ್ತೇವೆಂದು ತಿಳಿಯಬಾರದು. ಕೊಳವೆಯೊಂದು ಗೋಡೆಯಿಂದ ಹೊರಟು ತಿರುಗಿ ನೆಲಕ್ಕಿಳಿಯುವಾಗ, ಕಮಾನಿನ ಒಳಮೈಯ ಮೇಲೆ ಕಲ್ಲಿನ ಬಣ್ಣ ಒಡಕಿಲ್ಲದೆ ಹರಿಯುವಾಗ ದೊರಕುವ ಹಿಗ್ಗು ಬ್ರಷ್ಷಿನಿಂದ ದೊರಕುವಂಥದಲ್ಲ. ಬ್ರಷ್ಷಿನ ಪ್ರತಿ ಓರೆಮುಖವೂ ಲೆವೆಲ್ಲಿನ ಅವಕಾಶವನ್ನು ಇನ್ನಷ್ಟು ತುಂಡರಿಸಿ ಯಂತ್ರಕ್ಕೆ ಹೊರೆಯಾಗಬಲ್ಲದು. ಪ್ಯಾಚು ಹಾಗೆ ತುಂಡರಿಸುವುದಿಲ್ಲ. ದೂರದಲ್ಲಿರುವಾಗ ಕಡಿಮೆ ಮುಖಗಳಿಂದ ಸಾಗಿಸಿ, ಬಳಿಗೆ ಬಂದಾಗ ಹೆಚ್ಚಿಸಿಕೊಳ್ಳುವ ಮಿತವ್ಯಯವೂ ಅದಕ್ಕುಂಟು. ಇವು ಒಪ್ಪತಕ್ಕ ಲಾಭಗಳು. ಕಣ್ಣಿನ ಕಟ್ಟಡವು ಮೈಯ ಕಟ್ಟಡದಿಂದ ಬೇರ್ಪಟ್ಟುದು ಅವುಗಳಿಗೆ ತೆತ್ತ ಬೆಲೆ. ಬೇರ್ಪಟ್ಟ ಎರಡನ್ನು ಮತ್ತೆ ಕೂಡಿಸುವ ಭಾರ ಕಟ್ಟುವವನ ಮೇಲೆ ಬಿದ್ದಿದೆ. ಅವನ ಕೌಶಲವನ್ನು ಅಳೆಯಬೇಕಾದುದು ಅಲ್ಲಿಯೇ ಹೊರತು ಬಾಗುಗಳ ಸಂಖ್ಯೆಯಿಂದಲ್ಲ.

ಒಂದು ಬಾಗಿಲನ್ನೇ ತೆಗೆದುಕೊಳ್ಳೋಣ. ಅವಸರದವನು ಚೌಕ ಬಾಗಿಲುಗಂಡಿಯನ್ನು ಬಿಟ್ಟು, ಅದರ ನೆತ್ತಿಯಲ್ಲಿ ಅರ್ಧವೃತ್ತದ ‘ಎಂಡ್‌ಕ್ಯಾಪ್’ ಒಂದನ್ನು ತೂಗುಹಾಕಿ ಕಮಾನಾಯಿತೆನ್ನುತ್ತಾನೆ. ಬಲ್ಲವನು ಮೊದಲು ಆ ಅರ್ಧವೃತ್ತವನ್ನು ಎರಡರ ಬದಲು ನಾಲ್ಕು ಭಾಗ ಮಾಡಿಕೊಳ್ಳುತ್ತಾನೆ. ಆಗ ನೂರಕ್ಕೆ 6ರಷ್ಟಿದ್ದ ತಪ್ಪು ನೂರಕ್ಕೆ 0.3ಕ್ಕೆ ಇಳಿಯುತ್ತದೆ. ಬಿಂದುಗಳು ಗ್ರಿಡ್ಡಿನ ಗೆರೆಗಳ ಮೇಲೆ ಕೂರಲೊಲ್ಲವು, ಆ ಕಿರಿಕಿರಿಯನ್ನು ಅವನು ಸಹಿಸಬೇಕು. ಎರಡು ಭಾಗಗಳು ಕೂಡುವಲ್ಲಿ ಕೂಡುಬಿಂದುವೂ ಅದರ ಅಕ್ಕಪಕ್ಕದ ಬಿಂದುಗಳೂ ಒಂದೇ ಗೆರೆಯಲ್ಲಿರುವಂತೆ ನೋಡಿಕೊಳ್ಳುತ್ತಾನೆ. ಇಲ್ಲವಾದರೆ ಬೆಳಕು ಬಿದ್ದಾಗ ಅಲ್ಲೊಂದು ಮುರಿವು ಕಾಣುತ್ತದೆ. ಬೆನ್ನಿನ ಪೆಟ್ಟಿಗೆಯನ್ನೂ ಬಾಗಿಗೆ ಅನುಸಾರವಾಗಿ ಓರೆಯಾಗಿ ಕತ್ತರಿಸುತ್ತಾನೆ.

ಕಂಬಗಳ ಮುಂದೆ ‘ಕ್ಲಿಪ್’ ಎಂಬ ಕಾಣದ ಬ್ರಷ್ಷನ್ನು ಇಡುವ ರೂಢಿಯೂ ಉಂಟು. ಆಟಗಾರನು ಸಿಕ್ಕಿಕೊಳ್ಳದೆ ಜಾರಿಹೋಗಲೆಂಬುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ, ಆದರೆ ಕ್ಲಿಪ್ ಮೈಯನ್ನು ತಡೆಯುತ್ತದೆ, ಗುಂಡನ್ನು ತಡೆಯುವುದಿಲ್ಲ. ಕಂಬಕ್ಕೆ ಬೆನ್ನುಕೊಟ್ಟು ಮರೆಯಾದೆನೆಂದು ನಂಬಿದವನು, ಚೌಕವಾಗಿ ಇಟ್ಟ ಕ್ಲಿಪ್ಪಿನ ದೆಸೆಯಿಂದ ಕಂಬದಿಂದ ನಾಲ್ಕು ಬೆರಳು ದೂರದಲ್ಲಿ ಬಯಲಿನಲ್ಲಿಯೇ ನಿಂತಿರುತ್ತಾನೆ. ಎಂಟು ಮುಖಗಳಲ್ಲಿ, ಪ್ಯಾಚಿನ ಮೇಲ್ಮೈಗೆ ಒತ್ತಿಕೊಂಡಂತೆ ಕ್ಲಿಪ್ಪನ್ನು ಕೆತ್ತಿದ ಲೆವೆಲ್ಲಿನಲ್ಲಿ ಅವನಿಗೆ ಆ ಮರೆ ದೊರಕುತ್ತದೆ.