ಮೂರನೆಯ ಗುಂಡಿ

ಡ್ರೆಸ್ಸಾಜ್ ತೀರ್ಪುಗಾರರ ಅಂಕಪಟ್ಟಿಯಲ್ಲಿ ಕೂದಲಿಗೆ ಕಾಲಂ ಇಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಕುದುರೆ ತೋರಿಸುವ ಒಂದೊಂದು ವರಸೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಬೀಳುತ್ತದೆ. ಜಡೆ ಚೆನ್ನಾಗಿದೆಯೆಂದು ಅರ್ಧ ಅಂಕವೂ ಸಿಗದು. ಆದರೂ ಪಂದ್ಯದ ದಿನ ಬೆಳಕು ಹರಿಯುವ ಮುಂಚೆಯೇ ಲಾಯದಲ್ಲಿ ಯಾರೋ ಸ್ಟೂಲು ಹತ್ತಿ, ಬಾಯಲ್ಲಿ ಸೂಜಿ ಕಚ್ಚಿಕೊಂಡು, ತೂಕಡಿಸುವ ಕುದುರೆಯ ಕುತ್ತಿಗೆಗೆ ಜಡೆ ಹೆಣೆಯುತ್ತಿರುತ್ತಾರೆ. ಅಂಕವೇ ಇಲ್ಲದ ಕೆಲಸಕ್ಕೆ ಇಷ್ಟು ಶ್ರದ್ಧೆ ಏಕೆ?

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅನುಷ್ ಅಗರ್ವಾಲಾ, ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ ಅವರ ತಂಡ 41 ವರ್ಷಗಳ ಬಳಿಕ ಕುದುರೆ ಸವಾರಿಯಲ್ಲಿ ಭಾರತಕ್ಕೆ ಚಿನ್ನ ತಂದಾಗ, ಡ್ರೆಸ್ಸಾಜ್ ಎಂಬ ಹೆಸರು ನಮ್ಮಲ್ಲಿ ಅನೇಕರ ಕಿವಿಗೆ ಮೊದಲ ಸಲ ಬಿತ್ತು. ಇದನ್ನು ಕುದುರೆಯ ನೃತ್ಯ ಎನ್ನುವವರಿದ್ದಾರೆ. ಹಾಗೆಂದುಕೊಂಡರೆ ಜಡೆ ನರ್ತಕಿಯ ಶೃಂಗಾರದಂತೆ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಮ್ಮ ಮೊಗ್ಗಿನ ಜಡೆ ಕಣ್ಣನ್ನು ತನ್ನ ಕಡೆಗೇ ಸೆಳೆಯುತ್ತದೆ. ಕುದುರೆಯ ಜಡೆ ಒಳ್ಳೆಯದಾಗಿದ್ದರೆ ಕಣ್ಣು ಅದನ್ನು ದಾಟಿ ಕುತ್ತಿಗೆಗೆ ಹೋಗಬೇಕು. ಬಾಲಕ್ಕೆ ರಿಬ್ಬನ್ನು, ಹೂವು ಮುಡಿಸುವುದನ್ನು ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ನಿಷೇಧಿಸಿರುವುದರಲ್ಲಿ ಈ ವಿವೇಕವಿದೆ.

ಕೆಲಸವೇನೋ ದರ್ಜಿಯದು. ಅಯಾಲನ್ನು, ಅಂದರೆ ಕುತ್ತಿಗೆಯ ಮೇಲಿನ ಕೂದಲನ್ನು, ಮೊದಲೇ ತೆಳುವಾಗಿಸಿ ಅಂಗೈಯಗಲಕ್ಕೆ ಇಳಿಸಿರುತ್ತಾರೆ. ಹಿಂದಿನ ರಾತ್ರಿ ಶಾಂಪೂ ಹಾಕಿ ತೊಳೆದರೆ ಕೆಟ್ಟಿತು: ಕೂದಲು ನುಣುಪಾಗಿ ಬೆರಳಿಗೇ ನಿಲ್ಲದು. ತುಸು ಜಿಡ್ಡು, ತುಸು ನೀರು ಇರಬೇಕು. ಬಾಚಣಿಗೆಯಲ್ಲಿ ಅಳೆದು ಸಮನಾಗಿ ಪಾಲು ಮಾಡಿ, ಮೂರು ಕಾಲಿನ ಜಡೆ ಬಿಗಿಯಾಗಿ ಹೆಣೆದು, ಮೇಣ ಸವರಿದ ದಾರದಲ್ಲಿ ತುದಿ ಕಟ್ಟಿ, ಮಡಚಿ ಮಡಚಿ ಗುಂಡಿಯಂತೆ ಹೊಲಿಯುತ್ತಾರೆ. ರಬ್ಬರ್ ಬ್ಯಾಂಡು ಹಾಕಿದರೆ ಅರ್ಧ ಹೊತ್ತಿನಲ್ಲಿ ಮುಗಿದೀತು. ಆದರೆ ಹೊಲಿದ ಗುಂಡಿ ಕೂತಲ್ಲೇ ಕೂರುತ್ತದೆ, ರಬ್ಬರಿನದು ಮಧ್ಯಾಹ್ನದ ಹೊತ್ತಿಗೆ ವಾಲುತ್ತದೆ. ಈ ವಿಷಯದಲ್ಲಿ ನಾನು ದಾರದ ಪಕ್ಷ.

ಇಲ್ಲಿ ಸಣ್ಣಪುಟ್ಟ ಸುಳ್ಳುಗಳಿಗೂ ಜಾಗವಿದೆ. ಕುತ್ತಿಗೆ ಗಿಡ್ಡವಾಗಿದ್ದರೆ ಚಿಕ್ಕ ಗುಂಡಿಗಳನ್ನು ಹೆಚ್ಚು ಹಾಕುತ್ತಾರೆ, ಉದ್ದ ಕಾಣುತ್ತದೆ. ಮೇಲಂಚು ಸೊರಗಿದ್ದರೆ ಗುಂಡಿಗಳನ್ನು ಎತ್ತರಿಸಿ ಕೂರಿಸುತ್ತಾರೆ, ತುಂಬಿಕೊಂಡಂತೆ ಕಾಣುತ್ತದೆ. ಇಷ್ಟನ್ನು ಕ್ಷಮಿಸಬಹುದು. ಗಾಲ್ಫ್ ಚೆಂಡಿನಂಥ ದಪ್ಪ ಗುಂಡಿಗಳ ಈಚಿನ ಷೋಕಿಯನ್ನು ಮಾತ್ರ ನಾನು ಒಪ್ಪಲಾರೆ. ಒಂದೊಂದು ಗುಂಡಿಯೂ ನನ್ನನ್ನು ನೋಡು ಎನ್ನುತ್ತದೆ, ಕುತ್ತಿಗೆಯ ಗೆರೆ ತುಂಡುತುಂಡಾಗುತ್ತದೆ. ಸ್ಪೇನಿನ ತಳಿಗಳ ಉದ್ದ ಅಯಾಲನ್ನು ಕತ್ತರಿಸದೆ, ಕುತ್ತಿಗೆಯ ಅಂಚಿನಗುಂಟ ಒಂದೇ ಉದ್ದ ಜಡೆಯಾಗಿ ಹೆಣೆಯುವ ಪದ್ಧತಿಯೂ ಉಂಟು. ಕುದುರೆ ತಲೆ ಚಾಚಿದಾಗ ಅದು ಕೆಳಗೆ ಜೋಲುತ್ತದೆ ನಿಜ, ಆದರೂ ಕಣ್ಣಿಗೆ ಹಿತ.

ಗುಂಡಿಗಳ ಸಾಲಿಗೆ ಅದನ್ನು ಹೊಲಿದವರು ಬಯಸದ ಇನ್ನೊಂದು ಉಪಯೋಗವಿದೆ. ಡ್ರೆಸ್ಸಾಜಿನ ನಿಯಮದಂತೆ ಕುದುರೆಯ ನೆತ್ತಿ, ಅಂದರೆ ಎರಡು ಕಿವಿಗಳ ಹಿಂದಿನ ಜಾಗ, ಕುತ್ತಿಗೆಯಲ್ಲೆಲ್ಲ ಎತ್ತರದ ಬಿಂದುವಾಗಿರಬೇಕು. ಮೂಗು ಲಂಬರೇಖೆಗಿಂತ ತುಸು ಮುಂದಿರಬೇಕು. ಲಗಾಮು ಜಗ್ಗಿ ಗಲ್ಲವನ್ನು ಎದೆಯತ್ತ ಎಳೆದರೆ ನೆತ್ತಿ ಕುಸಿದು, ಎರಡನೆಯ, ಮೂರನೆಯ ಕತ್ತುಮೂಳೆಯ ಬಳಿ ಕುತ್ತಿಗೆ ಮಡಿಚಿಕೊಳ್ಳುತ್ತದೆ. ಕೂದಲು ಇಳಿಬಿದ್ದಿದ್ದರೆ ಇದು ಸುಲಭಕ್ಕೆ ಕಾಣದು. ಗುಂಡಿಗಳಿದ್ದರೆ ಗ್ಯಾಲರಿಯಲ್ಲಿ ಕೂತ ನನ್ನಂಥ ಸಾಮಾನ್ಯನಿಗೂ ಕಾಣುತ್ತದೆ: ಕಿವಿಯ ಬುಡದ ಮೊದಲ ಗುಂಡಿ ತಗ್ಗಿಗೆ ಇಳಿದು, ಮೂರನೆಯದು ಶಿಖರವಾಗಿರುತ್ತದೆ. ಅಲಂಕಾರಕ್ಕೆಂದು ಹೊಲಿದದ್ದು ಸವಾರನ ಕೈಯ ಬಿಗಿತಕ್ಕೆ ಸಾಕ್ಷಿ ನುಡಿಯುತ್ತದೆ. ಜಡೆಗೆ ಅಂಕ ಕೊಡದಿದ್ದರೂ ಪರವಾಗಿಲ್ಲ. ಜಡೆ ತೋರಿಸಿದ್ದಕ್ಕೆ ಅಂಕ ಕಳೆಯುವಷ್ಟು ಧೈರ್ಯ ತೀರ್ಪುಗಾರರಿಗೆ ಇರಬೇಕು. ಅದು ಎಲ್ಲ ಸಲವೂ ಇರುವುದಿಲ್ಲ.

ಸವಾರರ ಕೂದಲಿನ ನ್ಯಾಯ ಇದಕ್ಕೆ ತಿರುಗುಮುರುಗು. ಕುದುರೆಯದನ್ನು ಕಟ್ಟುವುದು ತೋರಿಸಲು, ಸವಾರರದನ್ನು ಕಟ್ಟುವುದು ಅಡಗಿಸಲು. ಕುದುರೆ ಟ್ರಾಟ್ ನಡೆಯಲ್ಲಿ ಕುಣಿಯುವಾಗ ಬೆನ್ನ ಮೇಲೆ ಇಳಿಬಿಟ್ಟ ಜುಟ್ಟೊಂದು ಹೆಜ್ಜೆಹೆಜ್ಜೆಗೂ ಎಗರಿದರೆ, ಗಟ್ಟಿಯಾಗಿ ಕೂತವರೂ ಜೀನಿನ ಮೇಲೆ ಪುಟಿಯುತ್ತಿರುವಂತೆ ಕಾಣುತ್ತದೆ. ಹಾಗಾಗಿ ಬಲೆ, ಪಿನ್ನು, ಕತ್ತಿನ ಬುಡಕ್ಕೆ ತಗ್ಗಿಸಿ ಕಟ್ಟಿದ ತುರುಬು. ತಗ್ಗಿಸಿ ಕಟ್ಟುವುದಕ್ಕೆ ಬೇರೆ ಕಾರಣವೂ ಇದೆ. ಕೂದಲನ್ನು ಹೆಲ್ಮೆಟ್ಟಿನೊಳಗೆ ತುರುಕಿದರೆ ಅದು ತಲೆಗೆ ಸರಿಯಾಗಿ ಕೂರುವುದಿಲ್ಲ. ಬಿದ್ದ ದಿನ ಸೊಬಗು ಯಾವ ಕೆಲಸಕ್ಕೂ ಬರುವುದಿಲ್ಲ.

ಹೆಲ್ಮೆಟ್ಟಿನ ಕಥೆಯೇ ಈ ಆಟದ ಅಂದಚಂದದ ಹಟಕ್ಕೆ ಕನ್ನಡಿ. ಉದ್ದ ಕೋಟಿಗೆ ಎತ್ತರದ ರೇಷ್ಮೆ ಟೋಪಿಯೇ ಶೋಭೆ ಎಂದು ತಲೆಮಾರುಗಳೇ ನಂಬಿದ್ದವು. 2010ರಲ್ಲಿ ಅಮೆರಿಕದ ಒಲಿಂಪಿಕ್ ಸವಾರಿಣಿ ಕೋರ್ಟ್ನಿ ಕಿಂಗ್-ಡೈ ಅಭ್ಯಾಸದ ವೇಳೆ ಬಿದ್ದು ತಲೆಬುರುಡೆ ಒಡೆದು ಕೋಮಾಕ್ಕೆ ಹೋದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಹೆಲ್ಮೆಟ್ ಧರಿಸಿಯೇ ವಲೆಗ್ರೋ ಎಂಬ ಕುದುರೆಯ ಮೇಲೆ 90.089 ಶೇಕಡಾ ಅಂಕ ಪಡೆದು ಚಿನ್ನ ಗೆದ್ದರು. ಆದರೂ ನಿಯಮ ಬದಲಾಗಿ ಟೋಪಿ ಅಂಕಣದಿಂದ ಹೊರಬಿದ್ದದ್ದು 2021ರ ಜನವರಿ 1ರಂದು.

ಅದೇ ವರ್ಷದ ಜುಲೈ 1ರಿಂದ ಜಾರಿಯಾದ ಇನ್ನೊಂದು ನಿಯಮ ನನಗೆ ಹೆಚ್ಚು ಮುಖ್ಯ. ಕುದುರೆಯ ಮೂತಿಯ, ಕಣ್ಣಿನ ಸುತ್ತಲ ಮೀಸೆಗೂದಲನ್ನು ಬೋಳಿಸಿದ್ದರೆ ಸ್ಪರ್ಧೆಗೆ ಪ್ರವೇಶವಿಲ್ಲ. ಅಷ್ಟು ಕಾಲ ಮೂತಿ ನುಣ್ಣಗಿರಲಿ ಎಂದು ರೇಜರ್ ಆಡಿಸುವುದು ಮಾಮೂಲಾಗಿತ್ತು. ಕುದುರೆಗೆ ತನ್ನ ಮೂಗಿನ ಕೆಳಗಿರುವುದು ಕಣ್ಣಿಗೆ ಕಾಣದು; ಬುಡದಲ್ಲಿ ನರಗಳು ತುಂಬಿದ ಆ ಕೂದಲಿನಿಂದಲೇ ಮೇವು, ಗೋಡೆ, ಬಕೆಟ್ಟಿನ ಅಂಚನ್ನು ತಡವಿ ತಿಳಿಯುತ್ತದೆ. ಜಡೆಗೂ ಇದಕ್ಕೂ ವ್ಯತ್ಯಾಸ ಸರಳ. ಜಡೆಯನ್ನು ಸಂಜೆಗೆ ಬಿಚ್ಚಬಹುದು. ಬಾಲ ತೆಳ್ಳಗೆ ಕಾಣಲೆಂದು ಬುಡದ ಎರಡೂ ಪಕ್ಕ ಮೆಷಿನ್ ಆಡಿಸುತ್ತಾರಲ್ಲ, ಅದು ಇವೆರಡರ ನಡುವಿನದು: ಮತ್ತೆ ಬೆಳೆಯುತ್ತದೆ, ಆದರೆ ಬೆಳೆಯುವಾಗ ನವೆಯಾಗುತ್ತದೆ.

ಗುಂಡಿಗಳ ಸಾಕ್ಷ್ಯಕ್ಕೂ ಮಿತಿಯಿದೆ. 2024ರಲ್ಲಿ ಅದೇ ಡುಜಾರ್ಡಿನ್ ತರಬೇತಿಯ ವೇಳೆ ಕುದುರೆಯ ಕಾಲಿಗೆ ಮತ್ತೆ ಮತ್ತೆ ಚಾಟಿ ಬೀಸುತ್ತಿದ್ದ ಹಳೆಯ ವಿಡಿಯೊ ಹೊರಬಂದಾಗ ಅವರು ಪ್ಯಾರಿಸ್ ಒಲಿಂಪಿಕ್ಸಿನಿಂದ ಹಿಂದೆ ಸರಿದರು. ಒಂದು ವರ್ಷದ ನಿಷೇಧವೂ ಆಯಿತು. ಅಂಕಣದಲ್ಲಿ ಅವರ ಕುದುರೆಗಳ ಮೇಲೆ ಒಂದು ಎಳೆ ಕೂದಲೂ ಅಡ್ಡಾದಿಡ್ಡಿಯಾಗಿ ಕಂಡ ನೆನಪು ನನಗಿಲ್ಲ.

ಹೀಗಾಗಿ ನಾನೀಗ ಪ್ರವೇಶದ ಹೊತ್ತಿಗಿಂತ ಪಂದ್ಯ ಮುಗಿದ ಮೇಲಿನ ಲಾಯವನ್ನು ನೋಡಲು ಇಷ್ಟಪಡುತ್ತೇನೆ. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯಿಂದ ಒಂದೊಂದೇ ದಾರ ಕತ್ತರಿಸುತ್ತಾರೆ. ಗುಂಡಿ ಬಿಚ್ಚಿ, ಜಡೆ ಬಿಚ್ಚಿ, ಸುಕ್ಕುಸುಕ್ಕಾದ ಕೂದಲು ಹೊರಬರುತ್ತದೆ. ತೀರಾ ಬಿಗಿ ಹೆಣೆದಿದ್ದರೆ, ಇಲ್ಲವೇ ರಾತ್ರಿಯಿಡೀ ಹಾಗೇ ಬಿಟ್ಟಿದ್ದರೆ, ಕುದುರೆ ಕುತ್ತಿಗೆಯನ್ನು ಕಂಬಕ್ಕೆ ತಿಕ್ಕಲು ಓಡುತ್ತದೆ. ಹದವಾಗಿದ್ದರೆ ಒಮ್ಮೆ ತಲೆ ಕೊಡವಿ, ಹುಲ್ಲಿಗೆ ಬಾಯಿ ಹಾಕುತ್ತದೆ.